ನೂರ ಒಂದನೇ ಕಡಲು

ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುವ ಗಂಡಸು ಅದನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು? ಪಕ್ಕದ ಮನೆಯವರ ಕಾರಿನ ಮೇಲೆ ಕಿಚ್ಚಾದರೆ ಹೆಂಡತಿಯ ಹತ್ತಿರ ಹೇಳಿಕೊಳ್ಳಬಹುದು. ಆಫೀಸಿನಲ್ಲಿ ಯಾರಿಗೋ ಬಡ್ತಿ ಬಂದು ಕಿಚ್ಚಾದರೂ ಅವಳೇ ಕೇಳಿಸಿಕೊಂಡು ಸಮಾಧಾನ ಹೇಳುತ್ತಾಳೆ. ಅವಳ ಮೇಲೆಯೇ ಆದರೆ? ನಡುಕೋಡಿ ಬಂದರಿನ ಗುಡ್ಡದ ಮೇಲಿದ್ದ ಅಲೆಕಾವಲು ಕೇಂದ್ರದ ಹಿರಿಯ ವಿಜ್ಞಾನಿ ಪದ್ಮನಾಭ ಐತಾಳರಿಗೆ ನಲವತ್ತು ದಿನಗಳಿಂದ ಇದೇ ಕಷ್ಟವಾಗಿತ್ತು.

ಕೇಂದ್ರದ ಕೆಲಸ ಹೇಳುವುದಕ್ಕೆ ಸುಲಭ. ಗೋಪುರದ ತುದಿಯಿಂದ ಕಡಲಿನ ಮೇಲೆ ರೇಡಿಯೊ ಅಲೆಗಳನ್ನು ಬಿಡುವುದು. ಅವು ನೀರಿನ ಮೈಗೆ ಬಡಿದು ಚದುರಿದ ಮೇಲೆ ಹಿಂದಕ್ಕೆ ಬಂದಷ್ಟನ್ನು ಹಿಡಿದು, ಕಡಲು ಹೇಗಿದೆ ಎಂದು ಊಹಿಸುವುದು. ನೀರು ಕನ್ನಡಿಯ ಹಾಗೆ ನುಣುಪಾಗಿದ್ದರೆ ಬಿಟ್ಟದ್ದೆಲ್ಲ ಆಚೆಗೆ ಜಾರಿಹೋಗುತ್ತದೆ, ಏನೂ ಮರಳುವುದಿಲ್ಲ. ಆದರೆ ಕಡಲಿನ ಮೈ ಹಲಸಿನಕಾಯಿಯ ಸಿಪ್ಪೆಗಿಂತ ಒರಟು, ಅದಕ್ಕಿಂತ ಅಡ್ಡಾದಿಡ್ಡಿ. ಪ್ರತಿ ಉಬ್ಬೂ ತನಗೆ ತೋಚಿದ ಕಡೆಗೆ ಒಂದಿಷ್ಟು ಅಲೆಯನ್ನು ಎಸೆಯುತ್ತದೆ. ಕೊನೆಗೆ ಗೋಪುರಕ್ಕೆ ಬಂದು ಮುಟ್ಟುವುದು ಬರೀ ಗದ್ದಲ. ಅಂಥದೇ ಗದ್ದಲ ಎಬ್ಬಿಸಬಲ್ಲ ಕಡಲುಗಳು ಸಾವಿರಾರಿರಬಹುದು. ಅದಕ್ಕಾಗಿ ಗಣಕಯಂತ್ರದೊಳಗೆ ಹತ್ತು ಸಾವಿರ ಸುಳ್ಳು ಕಡಲುಗಳನ್ನು ಹುಟ್ಟಿಸಿ, ಒಂದೊಂದರ ಮೇಲೂ ಲೆಕ್ಕದಲ್ಲೇ ಅಲೆ ಬಿಟ್ಟು, ಯಾವುದರ ಗದ್ದಲ ಹೊರಗಿನ ಗದ್ದಲಕ್ಕೆ ಹೊಂದುತ್ತದೆ ಎಂದು ನೋಡುತ್ತಿದ್ದರು. ಹೊಂದಿದ ಕಡಲುಗಳಲ್ಲಿ ಎಲ್ಲಕ್ಕಿಂತ ದೊಡ್ಡ ತೆರೆ ಎಷ್ಟೆತ್ತರ ಎಂದು ಗೊತ್ತಾದರೆ ಸಾಕು. ಮುಂದಿನ ಮೂರು ತಾಸಿನಲ್ಲಿ ಬಂದರಿನ ಬಾಯಲ್ಲಿ ಏನಾದೀತು ಎಂದು ಹೇಳಿಬಿಡಬಹುದಿತ್ತು.

ಸುಳ್ಳು ಕಡಲು ಹುಟ್ಟಬೇಕಾದರೆ ಒಂದು ಬೀಜ ಬೇಕು. ಬೀಜ ಎಂದರೆ ಒಂದು ಸಂಖ್ಯೆ, ಅಷ್ಟೆ. ಸಂಖ್ಯೆಯನ್ನು ಹಾಕಿದರೆ ಅದರಿಂದ ಉಬ್ಬುತಗ್ಗುಗಳ ಕಡಲುಗಳು ಒಂದರ ಹಿಂದೊಂದು ಸರಣಿಯಾಗಿ ಮೊಳೆಯುತ್ತವೆ. ಬೇರೆ ಸಂಖ್ಯೆಗೆ ಬೇರೆ ಸರಣಿ, ಅದೇ ಸಂಖ್ಯೆಗೆ ಮೊದಲಿನಿಂದ ಅದೇ ಸರಣಿ. ಯಾವ ಸಂಖ್ಯೆಯಾದರೂ ನಡೆಯುತ್ತದೆ ಎಂಬ ಕಾರಣಕ್ಕೆ ಕೇಂದ್ರದಲ್ಲಿ ಒಂದು ಪದ್ಧತಿಯೇ ಬೆಳೆದಿತ್ತು. ಆಯುಧಪೂಜೆಯ ದಿನ ಯಂತ್ರಕ್ಕೆ ಕುಂಕುಮ ಹಚ್ಚಿ, ಪ್ರತಿಯೊಬ್ಬರೂ ಒಂದೊಂದು ಬೀಜ ಕೊಡಬೇಕು. ಒಬ್ಬ ತನ್ನ ಬೈಕಿನ ನಂಬರು ಕೊಟ್ಟರೆ ಇನ್ನೊಬ್ಬಳು ಮಗಳ ಪರೀಕ್ಷೆಯ ಅಂಕ ಕೊಡುತ್ತಿದ್ದಳು. ಗೇಟಿನ ಕಾವಲುಗಾರ ತನ್ನ ಎಮ್ಮೆ ಕರು ಹಾಕಿದ ತಾರೀಕು ಕೊಟ್ಟಿದ್ದ. ಎಮ್ಮೆಯಿಂದಲೂ ಕಡಲು ಹುಟ್ಟಿತಲ್ಲ ಎಂದು ಆ ವರ್ಷವೆಲ್ಲ ನಗು.

ಈ ಲೆಕ್ಕವನ್ನು ಹನ್ನೆರಡು ವರ್ಷದ ಹಿಂದೆ ಕಟ್ಟಿದವರು ಐತಾಳರು. ಬಂದರಿನ ದೀಪಕಂಬದಲ್ಲಿ ಹಸಿರು ಬಂದರೆ ದೋಣಿಯ ಇಂಜಿನ್ನಿನ ಬೀಗ ತಾನಾಗಿ ಬಿಡುತ್ತಿತ್ತು. ಕೆಂಪು ಬಂದರೆ ಎಂಥ ತಾಂಡೇಲನೂ, ಅಂದರೆ ದೋಣಿಯ ಯಜಮಾನನೂ, ದಡದಲ್ಲೇ ಕೂರಬೇಕು. ಮೊದಲ ವರ್ಷ ಬೈದ ಮೀನುಗಾರರು ಆಮೇಲೆ ಒಗ್ಗಿಕೊಂಡರು. ಮರಳಿನ ತೇವ ಮುಟ್ಟಿ, ಗಾಳಿ ಮೂಸಿ ಕಡಲು ಹೇಳುತ್ತಿದ್ದ ಮುದುಕರ ಮಾತಿಗೆ ಬೆಲೆ ಇಲ್ಲದಾಯಿತು. "ಇವತ್ತ್ ಐತಾಳ್ರ ಹಸ್ರ್ ಬಂತಾ?" ಎಂದು ಮೀನು ಮಾರುವ ಹೆಂಗಸರು ಕೇಳುತ್ತಿದ್ದರು. ಊರಿನವರ ಬಾಯಲ್ಲಿ ತಮ್ಮ ಹೆಸರು ಒಂದು ಬಣ್ಣಕ್ಕೆ ಅಂಟಿಕೊಂಡದ್ದು ಐತಾಳರಿಗೆ ಯಾವ ಪ್ರಶಸ್ತಿಗಿಂತಲೂ ಹೆಚ್ಚಾಗಿತ್ತು. ಹಸಿರು ಬಂದ ಮೇಲೂ ಮುಳುಗಿದ್ದು ಹನ್ನೆರಡು ವರ್ಷದಲ್ಲಿ ಒಂದೇ ದೋಣಿ. ಮೂರು ವರ್ಷದ ಹಿಂದೆ ಸೂರ ಮೊಗವೀರನ ದೋಣಿ, ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಮಗುಚಿ, ಅವನ ತಮ್ಮ ರಘು ಸತ್ತಿದ್ದ. ತಾಂಡೇಲನು ಮರಳುದಿಣ್ಣೆಯ ಹತ್ತಿರ ಹೋದದ್ದೇ ತಪ್ಪು ಎಂದು ವಿಚಾರಣೆಯಲ್ಲಿ ತೀರ್ಮಾನವಾಗಿ, ಸೂರನ ಪರವಾನಗಿ ಹೋಯಿತು. ದೀಪದ ಮೇಲೆ ಯಾರೂ ಬೆರಳು ತೋರಿಸಲಿಲ್ಲ.

ಈಗ ಆ ಲೆಕ್ಕದ ಪಕ್ಕದಲ್ಲಿ ಇನ್ನೊಂದು ಲೆಕ್ಕ ಬಂದು ಕೂತಿತ್ತು. ನಿಯಂತ್ರಣ ಕೊಠಡಿಯಲ್ಲಿ ಎರಡು ಪರದೆ. ಎಡಗಡೆಯದು ಐತಾಳರದು, ದೀಪ ಉರಿಯುತ್ತಿದ್ದುದು ಅದರ ಮಾತಿನಂತೆ. ಬಲಗಡೆಯದು ಅವರ ಹೆಂಡತಿ ಸುಪ್ರಭಾಳದು, ಪರೀಕ್ಷೆಗೆ ಇಟ್ಟದ್ದು. ದಿನಾ ಸಂಜೆ ಕಡಲಲ್ಲಿ ತೇಲಿಬಿಟ್ಟ ಅಳತೆಯ ಬುರುಡೆ ತೋರಿಸಿದ ನಿಜವಾದ ಎತ್ತರಕ್ಕೆ ಎರಡನ್ನೂ ಹೋಲಿಸಿ ಬರೆಯುತ್ತಿದ್ದರು. ನಲವತ್ತು ದಿನಗಳಲ್ಲಿ ಐತಾಳರದು ಇಪ್ಪತ್ತೊಂಬತ್ತು ಸಲ ಸರಿಯಾಗಿತ್ತು. ಸುಪ್ರಭಾಳದು ಮೂವತ್ತೆಂಟು ಸಲ.

"ಏನ್ ಐತಾಳ್ರೇ, ಶಿಷ್ಯೆ ಗುರುಗಳನ್ನೇ ಮೀರಿಸಿಬಿಟ್ರಲ್ಲ!" ಎಂದರು ನಿರ್ದೇಶಕ ಇಂದುಧರ. ಮೈಸೂರು ಕಡೆಯವರು, ಒಳ್ಳೆಯ ಮನುಷ್ಯ, ಆದರೆ ಗಾಯ ಎಲ್ಲಿದೆಯೋ ಅಲ್ಲಿಗೇ ಸರಿಯಾಗಿ ಕೈ ಹಾಕುವವರು. "ಬುಧವಾರ ಮೇಡಂ ಲೆಕ್ಕಕ್ಕೆ ದೀಪ ಹಸ್ತಾಂತರ ಮಾಡೋಣ. ನೀವೇ ಗುಂಡಿ ಒತ್ತಿ. ಮನೇಲಿ ಪಾಯಸ ಆಯ್ತೋ ಇಲ್ವೋ?"

"ಆಗ್ತದೆ ಸಾರ್, ಆಗ್ತದೆ," ಎಂದು ಐತಾಳರು ನಕ್ಕರು.

ಶಿಷ್ಯೆ ಎಂದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಅವರ ಪ್ರಬಂಧವನ್ನು ಟೈಪು ಮಾಡಿಕೊಟ್ಟವಳು ಸುಪ್ರಭಾ. ಅವಳೂ ಭೌತವಿಜ್ಞಾನ ಓದಿದವಳೇ. ಆದರೆ ಮಗಳು ಹುಟ್ಟಿದಳು, ಅತ್ತೆ ಹಾಸಿಗೆ ಹಿಡಿದರು, ಹತ್ತು ವರ್ಷ ಕಳೆಯಿತು. ಮಗಳು ಹಾಸ್ಟೆಲು ಸೇರಿದ ಮೇಲೆ ಐತಾಳರೇ ದೊಡ್ಡ ಮನಸ್ಸು ಮಾಡಿ, "ಸುಮ್ನೆ ಮನೆಯಗೆ ಕೂಕಂಬ್ದ್ ಎಂತಕ್ಕೆ? ಕೇಂದ್ರದಲ್ಲಿ ಎಂತಾರೂ ಸಣ್ಣ ಕೆಲ್ಸ ಕಾಂಬ," ಎಂದು ಅವಳನ್ನು ಒಳಗೆ ಸೇರಿಸಿದ್ದರು. ಆ ಸಣ್ಣ ಕೆಲಸ ಎಂಬ ಮಾತು ಈಗ ನೆನಪಾದಾಗಲೆಲ್ಲ ಅವರಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ದೊಡ್ಡ ತೆರೆಯ ಮೇಲಿನ ಸಣ್ಣ ತೆರೆ ರೇಡಿಯೊ ಅಲೆಯನ್ನು ಹೇಗೆ ಚದುರಿಸುತ್ತದೆ ಎಂದು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಅವಳಿಗೆ ಹೇಳಿಕೊಟ್ಟವರು ತಾವು. ಕಾವಲುಗಾರನಿಂದ ಹಿಡಿದು ಎಲ್ಲರೂ ಈಗ 'ಸುಪ್ರಭಾ ಮೇಡಂ' ಎನ್ನುವಾಗ ಗೌರವ ಒಂದಿಷ್ಟು ಹೆಚ್ಚೇ ಆಯಿತೇನೋ ಎಂದು ಅವರಿಗೆ ಅನಿಸುತ್ತಿತ್ತು.

ಕಿಚ್ಚಿಗೆ ಹೊತ್ತು ಗೊತ್ತು ಇಲ್ಲ. ಊಟದ ಹೊತ್ತಿಗೂ ಅದು ಬಿಡಲಿಲ್ಲ.

"ಹುಳಿ ಹ್ಯಾಂಗಿತ್ತ್?" ಎಂದು ಸುಪ್ರಭಾ ಶನಿವಾರ ಮಧ್ಯಾಹ್ನ ಕೇಳಿದಳು.

"ಇತ್ತ್."

"ಬರೀ ಇತ್ತ್ ಅಂದ್ರೆ ಎಂತ ಅರ್ಥ? ಉಪ್ಪು ಸಾಕಾ?"

"ನೀನ್ ಮಾಡಿದ್ದ್ ಅಂದ್ಮೇಲೆ ಸರಿಯೇ ಇರತ್ತ್ ಅಲ್ದಾ? ನಲ್ವತ್ತರಲ್ಲಿ ಮೂವತ್ತೆಂಟ್ ಸಲ."

ಸುಪ್ರಭಾ ಸೌಟು ಹಿಡಿದುಕೊಂಡೇ ಗಂಡನ ಮುಖ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಹೇಳದೆ ಒಳಗೆ ಹೋದಳು. ಅವಳು ಉತ್ತರ ಕೊಟ್ಟಿದ್ದರೆ ಐತಾಳರಿಗೆ ಸ್ವಲ್ಪ ನೆಮ್ಮದಿ ಸಿಗುತ್ತಿತ್ತು. ಕೊಡದೆ ಹೋದದ್ದರಲ್ಲೂ ಅವಳೇ ಗೆದ್ದ ಹಾಗೆ ಕಂಡು, ಮಜ್ಜಿಗೆಯನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಮಧ್ಯಾಹ್ನ ಅವಳು ಮಲಗಿದ್ದಾಗ ಅವರು ಒಂದು ಕೆಲಸ ಮಾಡಿದರು. ಮೊಸರಿನಲ್ಲಿ ಕಲ್ಲು ಹುಡುಕುವ ಕೆಲಸ. ಅವಳ ಲೆಕ್ಕದ ಕ್ರಮವಿಧಿಯನ್ನು ತೆರೆದು ಸಾಲುಸಾಲಾಗಿ ಓದಿದರು. ಒಂದು ತಪ್ಪು ಸಿಕ್ಕಿದರೆ ಸಾಕು, ಬುಧವಾರ ಗುಂಡಿ ಒತ್ತುವ ಮುಂಚೆ ಎಲ್ಲರೆದುರಿಗೆ, ತೀರ ಮೆಲ್ಲಗೆ, ಅವಳಿಗೆ ಬೇಸರವಾಗದ ಹಾಗೆ ಎತ್ತಿ ತೋರಿಸುವುದೆಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದರು. ಅಲೆ ಚದುರುವ ಭಾಗ ಹೆಚ್ಚುಕಡಿಮೆ ತಮ್ಮದೇ. ಅಲ್ಲಲ್ಲಿ ಅವಳು ಚೊಕ್ಕ ಮಾಡಿದ್ದಳು, ಚೊಕ್ಕವಾಗಿಯೇ ಮಾಡಿದ್ದಳು. ಒಂದು ಕಡೆ ಮಾತ್ರ ಅವರ ಕಣ್ಣು ನಿಂತಿತು. ಬೀಜ ಹಾಕಿ ಕಡಲು ಮೊಳೆಯಿಸುವ ಭಾಗ ಅವರದಾಗಿರಲಿಲ್ಲ. ಹಳೆಯದನ್ನು ಪೂರ್ತಿ ಕಿತ್ತು ಹೊಸದು ಹಾಕಿದ್ದಳು, ಎಂಟು ತಿಂಗಳ ಹಿಂದೆ. ಹೊಸ ಲೆಕ್ಕದ ಮೇಲೆ ಅವಳು ಕೇಂದ್ರಕ್ಕೆ ಕೊಟ್ಟ ವರದಿಯಲ್ಲಿ ಅದರ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಇದೇ ಗುಟ್ಟು ಎಂದುಕೊಂಡರು ಐತಾಳರು. ಎಂಟು ತಿಂಗಳು ಒಂದೇ ಮನೆಯಲ್ಲಿ ಉಂಡು ಮಲಗಿ, ತನಗೆ ಹೇಳದೆ ಏನೋ ಕೈಚಳಕ ಮಾಡಿ ಮುಂದೆ ಹೋಗಿದ್ದಾಳೆ. ಅವರಿಗೆ ಎಷ್ಟು ಸಿಟ್ಟು ಬಂತೋ ಅಷ್ಟೇ ಸಂತೋಷವೂ ಆಯಿತು. ಇಷ್ಟು ದಿನ ಬರೀ ಹೊಟ್ಟೆಕಿಚ್ಚಾಗಿದ್ದದ್ದು ಈಗ ನ್ಯಾಯವಾದ ಕೋಪವಾಯಿತಲ್ಲ! ಒಂದು ಇಡೀ ರಾತ್ರಿ ಅದನ್ನು ಬಾಯಲ್ಲಿಟ್ಟುಕೊಂಡು ಚಪ್ಪರಿಸಿ, ಭಾನುವಾರ ಬೆಳಗ್ಗೆ ಕಾಫಿಯ ಹೊತ್ತಿಗೆ ಹೊರಗೆ ಹಾಕಿದರು.

"ನನ್ ಬೀಜದ ಭಾಗ ಎಂತಕ್ಕೆ ಕಿತ್ತ್ ಹಾಕಿದ್ದ್?"

ಸುಪ್ರಭಾ ಲೋಟ ಕೆಳಗಿಟ್ಟಳು. "ನೀವ್ ಅದನ್ನ ತೆಗ್ದ್ ಕಂಡ್ರಾ?"

"ಕಂಡೆ. ಕಾಂಬ್ದಕ್ಕೆ ನಿನ್ ಅಪ್ಪಣೆ ಬೇಕಿತ್ತಾ? ಹನ್ನೆರ್ಡ್ ವರ್ಷ ನಡದ ಲೆಕ್ಕ ಅದ್. ಕಿತ್ತ್ ಹಾಕಿ, ವರದಿಯಲ್ಲೂ ಹೇಳ್ದೆ, ನಂಗೂ ಹೇಳ್ದೆ... ಹೊಸ ಉಪಾಯ ಸಿಕ್ರೆ ಗಂಡಂಗೆ ಹೇಳುಕಾಗ ಅಲ್ದಾ? ಅವ್ನೂ ಮುಂದೆ ಬಂದ್ಬಿಟ್ರೆ ಕಷ್ಟ!"

"ಹೊಸ ಉಪಾಯ ಎಂತ ಇಲ್ಲೆ ಅದ್ರಲ್ಲಿ."

"ಮತ್ತೆ?"

"ಬಿಟ್ಬಿಡಿ ಮಾರಾಯ್ರೆ. ಬುಧ್ವಾರ ಆರೆ ಮುಗೀತಲ್ದಾ? ನಿಮ್ದ್ ಬಂದ್ ಆತ್ತ್. ಮತ್ತೆ ಯಾರೂ ತೆಗ್ದ್ ಕಾಂಬುದಿಲ್ಲೆ."

"ನಂದ್ ಬಂದ್ ಆಪುದ್ ನಿಂಗೆ ಅಷ್ಟ್ ಖುಷಿಯಾ!"

ಆ ಮಾತು ಹೇಳಬಾರದಿತ್ತು. ಹೇಳಿದ ಮೇಲೆ ಅವರಿಗೂ ಗೊತ್ತಾಯಿತು. ಸುಪ್ರಭಾಳ ಮುಖ ಕೆಂಪಾಯಿತು. ಇಪ್ಪತ್ತೊಂದು ವರ್ಷದಲ್ಲಿ ಅವಳು ಧ್ವನಿ ಏರಿಸಿದ್ದು ಬೆರಳೆಣಿಕೆಯಷ್ಟು ಸಲ, ಅದರಲ್ಲಿ ಇದೊಂದು.

"ಹೋಯ್ನಿ. ಹೋಯಿ, ನಿಮ್ಮದೇ ಲೆಕ್ಕದ ನೂರ ಒಂದನೇ ಕಡಲು ತೆಗ್ದ್ ಕಾಣಿ. ಮತ್ತೆ ಬಂದ್ ನಂಗೆ ಹೇಳಿ, ಖುಷಿ ಯಾರಿಗೆ ಅಂದೇಳಿ."

ಐತಾಳರು ಸ್ಕೂಟರು ಹತ್ತಿದರು. ಭಾನುವಾರವಾದ್ದರಿಂದ ನಿಯಂತ್ರಣ ಕೊಠಡಿಯಲ್ಲಿ ಯಾರೂ ಇರಲಿಲ್ಲ. ಯಂತ್ರ ತನ್ನಷ್ಟಕ್ಕೆ ತಾನು ಕೆಲಸ ಮಾಡುತ್ತಿತ್ತು. ಕಿಟಕಿಯಾಚೆ ಕೆಳಗಿನ ಬಂದರೂ ಅದರ ಕಂಬದ ಹಸಿರು ದೀಪವೂ ಕಾಣುತ್ತಿದ್ದವು. ಅವರು ತಮ್ಮ ಲೆಕ್ಕದ ಹತ್ತು ಸಾವಿರ ಕಡಲುಗಳ ಉಗ್ರಾಣ ತೆರೆದು, ಮೊದಲನೆಯದನ್ನು ಪರದೆಗೆ ತಂದರು. ಉಬ್ಬುತಗ್ಗಿನ ಚಿತ್ರ. ಎಡ ಮೂಲೆಯಲ್ಲಿ ಒಂದು ದೊಡ್ಡ ಉಬ್ಬು, ಅದರ ಹಿಂದೆ ಜೋಡಿ ಗುಳಿ. ಪಕ್ಕದಲ್ಲಿ ನೂರ ಒಂದನೆಯದನ್ನು ತಂದರು.

ಎಡ ಮೂಲೆಯಲ್ಲಿ ಒಂದು ದೊಡ್ಡ ಉಬ್ಬು. ಅದರ ಹಿಂದೆ ಜೋಡಿ ಗುಳಿ.

ತಾವೇ ತಪ್ಪು ಒತ್ತಿದ್ದೇನೆ ಎಂದುಕೊಂಡು ಇನ್ನೊಮ್ಮೆ ತೆರೆದರು. ಆಮೇಲೆ ಇನ್ನೂರ ಒಂದನೆಯದು, ಮುನ್ನೂರ ಒಂದನೆಯದು, ಐದು ಸಾವಿರದ ಒಂದನೆಯದು. ಅದೇ ಉಬ್ಬು, ಅದೇ ಗುಳಿ. ಹತ್ತು ಸಾವಿರ ಕಡಲು ಎಂದು ಊರೆಲ್ಲ ನಂಬಿದ್ದು ಬರೀ ನೂರು ಕಡಲು. ಅದೇ ನೂರು ಕಡಲು ನೂರು ಸಲ.

ಕಾರಣ ಹುಡುಕುವುದು ಅವರಿಗೆ ಕಷ್ಟವಾಗಲಿಲ್ಲ. ತಮ್ಮದೇ ಕೈಬರಹ ತಮಗೆ ಗೊತ್ತಾಗದೆ ಇರುತ್ತದೆಯೇ? ಹನ್ನೆರಡು ವರ್ಷದ ಹಿಂದೆ, ಲೆಕ್ಕ ಸರಿಯಿದೆಯೇ ಎಂದು ತಾಳೆ ನೋಡುವಾಗ, ಪ್ರತಿ ನೂರು ಕಡಲಿಗೆ ಒಮ್ಮೆ ಮತ್ತೆ ಅದೇ ಬೀಜ ಬೀಳುವ ಹಾಗೆ ಒಂದು ಸಾಲು ಬರೆದಿದ್ದರು. ಪರೀಕ್ಷೆ ಮುಗಿದ ಮೇಲೆ ತೆಗೆಯಬೇಕಿತ್ತು. ತೆಗೆಯಲಿಲ್ಲ. ಆಯುಧಪೂಜೆಗೆ ಕೊಟ್ಟ ಬೀಜಗಳು, ಎಮ್ಮೆಯದೂ ಸೇರಿ, ಯಾವುದೂ ಮೊಳೆತಿರಲೇ ಇಲ್ಲ. ಮೊಳೆಯುತ್ತಿದ್ದುದು ಆ ಸಾಲಿನಲ್ಲಿದ್ದ ಒಂದೇ ಸಂಖ್ಯೆ, ಇಪ್ಪತ್ತೆಂಟು ಸೊನ್ನೆ ಐದು. ಮೇ ಇಪ್ಪತ್ತೆಂಟು, ಅವರ ಮದುವೆಯ ದಿನ.

ಸರಾಸರಿ ಹೇಳುವುದಕ್ಕೆ ನೂರು ಕಡಲು ಸಾಕು. ಅದಕ್ಕೇ ಹನ್ನೆರಡು ವರ್ಷ ಯಾರಿಗೂ ಅನುಮಾನ ಬರಲಿಲ್ಲ. ಆದರೆ ಸಾವಿರದಲ್ಲಿ ಒಮ್ಮೆ ಏಳುವ ತೆರೆ, ಹೊರಗಿನ ದೊಡ್ಡ ತೆರೆಗಳಿಗೆ ಹೊಳೆಯಿಂದ ಇಳಿದು ಬರುವ ನೀರು ಎದುರಾದಾಗ ಅಳಿವೆಯ ಬಾಯಲ್ಲಿ ಗೋಡೆಯ ಹಾಗೆ ಏಳುವ ತೆರೆ, ಆ ನೂರರಲ್ಲಿ ಇರಲಿಲ್ಲ. ಇಲ್ಲದ್ದನ್ನು ಲೆಕ್ಕ ಹೇಗೆ ಹೇಳೀತು?

ಮುಂದೆ ಏನು ನೋಡಬೇಕೆಂದು ಅವರಿಗೆ ಗೊತ್ತಿತ್ತು. ನೋಡದೆ ಮನೆಗೆ ಹೋಗಿಬಿಡಬಹುದೆಂದೂ ಗೊತ್ತಿತ್ತು. ಆದರೂ ಮೂರು ವರ್ಷದ ಹಿಂದೆ ದೋಣಿ ಮಗುಚಿದ ಆ ಬೆಳಗಿನ ದಾಖಲೆ ತೆಗೆದರು. ಅಂದು ಗೋಪುರಕ್ಕೆ ಮರಳಿದ್ದ ಗದ್ದಲವನ್ನು ಎರಡೂ ಲೆಕ್ಕಕ್ಕೆ ಕೊಟ್ಟರು. ಎಡ ಪರದೆ ಹೇಳಿತು: ಅತಿ ಎತ್ತರದ ತೆರೆ ಎರಡು ಮೀಟರು, ಹಸಿರು. ಬಲ ಪರದೆ ಹೇಳಿತು: ನಾಲ್ಕೂವರೆ ಮೀಟರು, ಕೆಂಪು.

ಅವರ ಮನಸ್ಸಿಗೆ ಮೊದಲು ಬಂದದ್ದು ಸತ್ತ ರಘು ಎಂದು ಹೇಳಿದರೆ ಚೆನ್ನಾಗಿರುತ್ತಿತ್ತು. ಆದರೆ ಅದು ಸುಳ್ಳು. ಮೊದಲು ಬಂದದ್ದು, 'ಅವಳಿಗೆ ಎಂಟು ತಿಂಗಳಿನಿಂದ ಇದು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ' ಎನ್ನುವುದು. ರಘು ಬಂದದ್ದು ಆಮೇಲೆ. ಅವನ ಹಿಂದೆ ಸೂರ ಬಂದ. ವಿಚಾರಣೆಯ ದಿನ ಸೂರ ಹೇಳಿದ್ದ, "ಅಳಿವಿ ಬಾಯಗೆ ನೀರ್ ಸಮ ಇರ್ಲಿಲ್ಲೆ ಒಡೆಯ, ನಂಗೆ ಡೌಟಿತ್ತ್. ಆರೆ ದೀಪ ಹಸ್ರ್ ಇತ್ತಲೆ!" ಸಮಿತಿಯವರಲ್ಲಿ ಒಬ್ಬರು ತಿರುಗಿ ಕೇಳಿದ್ದರು: ಅನುಮಾನ ಇದ್ದ ಮೇಲೆ ಹೋದದ್ದು ಯಾಕೆ? ಆ ಒಬ್ಬರು ಪದ್ಮನಾಭ ಐತಾಳರೇ.

ಬಾಗಿಲಲ್ಲಿ ಸಪ್ಪಳವಾಯಿತು. ಸುಪ್ರಭಾ ರಿಕ್ಷಾ ಹಿಡಿದು ಬಂದಿದ್ದಳು. ಪರದೆಗಳನ್ನು ನೋಡಿದಳು, ಗಂಡನ ಮುಖ ನೋಡಿದಳು, ಪಕ್ಕದ ಕುರ್ಚಿಯಲ್ಲಿ ಕೂತಳು.

"ಎಂತಕ್ಕೆ ಹೇಳ್ಲಿಲ್ಲೆ?" ಎಂದರು ಐತಾಳರು.

"ಹ್ಯಾಂಗ್ ಹೇಳುದು? ಊರಿಡೀ ಐತಾಳ್ರ ಹಸ್ರ್ ಅಂತ್ರ್. ಆ ಸಾಲಲ್ಲಿ ನಮ್ ಮದಿ ತಾರೀಕ್ ಕಂಡಾಗ ಮೊದ್ಲ್ ನಗು ಬಂತ್. ಮತ್ತೆ ಆ ದಿನದ ಲೆಕ್ಕ ಹಾಕಿ ಕಂಡೆ. ಎರಡ್ ದಿನ ಊಟ ಸೇರ್ಲಿಲ್ಲೆ ನಂಗೆ. ಹೊಸ ಲೆಕ್ಕ ಬೇಗ ಮುಗ್ಸಿರೆ ನಿಮ್ದ್ ಸುಮ್ನೆ ನಿಂತ್ ಹೋತ್ತ್, ನಿಮ್ ಹೆಸ್ರೂ ಉಳೀತ್ತ್ ಅಂದೇಳಿ ಹಗಲೂ ರಾತ್ರಿ ಕೂಕಂಡ್ ಮಾಡ್ದೆ."

ಅಂದರೆ ಅವಳು ಮುಂದೆ ಹೋದದ್ದು ಅವರನ್ನು ಹಿಂದೆ ಹಾಕುವುದಕ್ಕಲ್ಲ, ಕಾಪಾಡುವುದಕ್ಕೆ. ಒಳ್ಳೆಯ ಗಂಡಸಾಗಿದ್ದರೆ ಇಲ್ಲಿ ಕಣ್ಣು ತುಂಬಿಕೊಳ್ಳುತ್ತಿತ್ತು. ಐತಾಳರಿಗೆ ಕಿಚ್ಚು ಇನ್ನೂ ಹೆಚ್ಚಾಯಿತು. ಬುದ್ಧಿಯಲ್ಲಿ ಮುಂದೆ, ದುಡಿಮೆಯಲ್ಲಿ ಮುಂದೆ, ಈಗ ದೊಡ್ಡತನದಲ್ಲೂ ಅವಳೇ ಮುಂದೆ! ತನಗೆಂದು ಏನಾದರೂ ಉಳಿಸಿದ್ದಾಳೆಯೇ ಎಂದು ಮನಸ್ಸು ತಡಕಾಡಿತು.

"ಮತ್ತೆ ಸೂರ?" ಎಂದರು.

ಅವಳು ಪರದೆಯ ಕಡೆ ಮುಖ ತಿರುಗಿಸಿದಳು.

"ಎಂಟ್ ತಿಂಗ್ಳ್ ನನ್ ಹೆಸ್ರ್ ಉಳ್ಸುಕೆ ಅವ್ನ ಹೆಸ್ರ್ ಹಾಳಾಪುಕೆ ಬಿಟ್ಟೆ. ಈ ಎಂಟ್ ತಿಂಗ್ಳೂ ಇದೇ ದೀಪ ಉರೀತಾ ಇತ್ತ್. ಮತ್ತೊಂದ್ ದೋಣಿ ಹೋಗಿದ್ರೆ?"

"ದಿನಾ ಬೆಳಿಗ್ಗೆ ಮೊದ್ಲ್ ಬಂದ್ ನನ್ ಪರದೆ ಕಾಂತಿದ್ದೆ," ಎಂದಳು ಸುಪ್ರಭಾ. "ನಂದ್ ಕೆಂಪಾಯಿ ನಿಮ್ದ್ ಹಸ್ರಾದ್ರೆ ಅವತ್ತೇ ಕೂಗ್ ಹಾಕ್ತಿದ್ದೆ. ಹಾಂಗ್ ಅಂದ್ಕಂಡೇ ದಿನ ದೂಡ್ದೆ. ತಪ್ಪೇ ಅದ್. ನಂಗೊತ್ತಿತ್ತ್."

ನಲವತ್ತು ದಿನಗಳಲ್ಲಿ ಮೊದಲ ಸಲ ಅವಳು ಅವರಿಗಿಂತ ಹಿಂದೆ ಬಿದ್ದಿದ್ದಳು. ಐತಾಳರಿಗೆ ಅದು ಒಳಗೊಳಗೇ ಹಿತವಾಗಿತ್ತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ಹಿತದಿಂದಲೇ ಅವರಿಗೆ ಎದ್ದು ನಿಲ್ಲುವ ಬಲ ಬಂತು.

"ನಿನ್ ಲೆಕ್ಕ ನಿಂದ್. ಹೊಗಳಿಕೆ ನಿಂದ್. ಈ ತಪ್ಪು ನಂದ್. ಇದನ್ನೂ ನೀನೇ ಕಟ್ಟಿ ಇಟ್ಕಂಡ್ರೆ ನಂಗೆ ಉಳುದ್ ಎಂತ? ಕೊಡ್ ಇತ್ಲಾಗೆ."

ಯಾರ ಅಪ್ಪಣೆಯನ್ನೂ ಕೇಳದೆ, ಬುಧವಾರಕ್ಕೆ ಕಾಯದೆ, ಅವರು ದೀಪಕಂಬದ ಹೊಣೆಯನ್ನು ಎಡ ಪರದೆಯಿಂದ ಬಲ ಪರದೆಗೆ ದಾಟಿಸಿದರು. ಆಮೇಲೆ ಇಂದುಧರರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದರು.

"ಐತಾಳ್ರೇ, ಆತುರ ಪಡಬೇಡಿ," ಎಂದರು ಇಂದುಧರ. "ಸಮಿತಿ ಮತ್ತೆ ಕೂರಬೇಕಾಗುತ್ತೆ. ನಿಮ್ಮ ನೌಕರಿಗೇ ಕುತ್ತು ಬರಬಹುದು. ಮೊದಲು ಒಳಗೊಳಗೆ ಮಾತಾಡೋಣ, ಆಮೇಲೆ..."

"ಒಳಗೊಳಗೇ ಮೂರು ವರ್ಷ ಆಯ್ತು ಸಾರ್. ನಾನು ಬರೆದು ಸಹಿ ಹಾಕಿ ನಿಮ್ಮ ಮೇಜಿನ ಮೇಲೆ ಇಡುತ್ತೇನೆ. ಇನ್ನೊಂದು ಪ್ರತಿ ಬಂದರಿನ ಹಲಗೆಗೆ ಹಚ್ಚುತ್ತೇನೆ," ಎಂದು ಐತಾಳರು ಫೋನು ಇಟ್ಟರು. ಸುಪ್ರಭಾ ತಾನೂ ಬರುತ್ತೇನೆಂದು ಎದ್ದಳು. ಅವರು ಬೇಡವೆಂದು ಕೈ ಅಡ್ಡ ಹಿಡಿದರು.

ಸೂರ ದೋಣಿ ನಿಲ್ಲುವ ಧಕ್ಕೆಯ ನೆರಳಿನಲ್ಲಿ ಕೂತು ಯಾರದೋ ಬಲೆ ಹೆಣೆಯುತ್ತಿದ್ದ. ಪರವಾನಗಿ ಹೋದ ಮೇಲೆ ಅವನನ್ನು ಯಾರೂ ದೋಣಿಗೆ ಹತ್ತಿಸಿಕೊಂಡಿರಲಿಲ್ಲ. ಐತಾಳರು ಅವನ ಎದುರು ನೆಲದ ಮೇಲೆಯೇ ಕೂತರು. ಅವರು ಹಾಗೆ ಕೂತದ್ದು ನೋಡಿ ಸೂರ ಗಾಬರಿಯಾಗಿ ಬಲೆ ಸರಿಸಿದ.

"ಹ್ವಾಯ್, ಮಣ್ಣಂಗೆ ಕೂಕಂಬ್ದ್ ಎಂತಕ್ಕೆ ಒಡೆಯ?"

ಐತಾಳರು ಹೇಳಿದರು. ಬೀಜ, ಗದ್ದಲ, ನೂರು ಕಡಲು ಎಂದೆಲ್ಲ ಶುರುಮಾಡಿ, ಅದೆಲ್ಲ ತಾವು ಅಡಗಿಕೊಳ್ಳಲು ಹುಡುಕುತ್ತಿರುವ ಮೂಲೆಗಳು ಎಂದು ತಿಳಿದು, ನಡುವೆ ನಿಲ್ಲಿಸಿದರು. "ಅವತ್ತ್ ಕೆಂಪು ಬರ್ಬೇಕಿತ್ತ್ ಸೂರ. ನನ್ ಲೆಕ್ಕ ತಪ್ಪಿ ಹಸ್ರ್ ಬಂತ್. ನಿಂಗೆ ಕಂಡದ್ದೇ ಸರಿ ಇತ್ತ್. ತಪ್ಪು ನಿಂದಲ್ಲ, ನಂದ್."

ಸೂರ ಬೈಯಲಿಲ್ಲ, ಅಳಲಿಲ್ಲ. ಬಲೆಯ ಒಂದು ಗಂಟನ್ನು ಬಿಚ್ಚಿ, ಮತ್ತೆ ಹಾಕಿ, ಮತ್ತೆ ಬಿಚ್ಚಿದ.

"ನಂಗೆ ಹೇಳಿ ಎಂತ ಮಾಡುದ್?" ಎಂದ ಕೊನೆಗೆ. "ನಂಗೆ ಅವತ್ತೇ ಗೊತ್ತಿತ್ತಲೆ ನೀರ್ ಸಮ ಇಲ್ಲೆ ಅಂದೇಳಿ. ನನ್ ತಮ್ಮನ ಹೆಂಡ್ತಿ ಗುಲಾಬಿ ಇತ್ಲಲ್ದಾ? ಗೋಡೆ ಆಚೆ ಮನೆ. ಮೂರ್ ವರ್ಷ ಆಯ್ತ್ ನನ್ ಹತ್ರ ಮಾತಾಡ್ದೆ. ನಾನ್ ಬಾಗ್ಲಿಗ್ ಬಂದ್ರೆ ಮುಚ್ಕಂತ್ಲ್. ಅಳಿವಿಗೆ ಕರ್ಕಂಡ್ ಹೋಯಿ ಕೊಂದದ್ದ್ ನಾನೇ ಅಂದೇಳಿ ಅವಳ ಮನ್ಸಲ್ಲಿತ್ತ್. ನಂಗೆ ಬ್ಯಾಡ. ಅವ್ಳಿಗೆ ಹೇಳಿ."

ಇಬ್ಬರೂ ಎದ್ದು ನಡೆದರು. ಗುಲಾಬಿ ಅಂಗಳದಲ್ಲಿ ಒಣಮೀನು ಮಗುಚಿ ಹಾಕುತ್ತಿದ್ದಳು. ಭಾವನನ್ನು ಕಂಡವಳೇ ಎದ್ದು ಒಳಗೆ ಹೋಗಿ ಬಾಗಿಲಿಗೆ ಕೈ ಹಾಕಿದಳು. ಸೂರ ಬೇಲಿಯ ಹೊರಗೇ ನಿಂತ. ಐತಾ‍ಳರು ಚಪ್ಪಲಿ ಬಿಟ್ಟು ಅಂಗಳಕ್ಕೆ ಇಳಿದು, "ಒಂದ್ ಮಾತ್ ಇತ್ತ್ ಅಮ್ಮಾ, ರಘುನ ವಿಷ್ಯ," ಎಂದರು.

ಅರ್ಧ ಮುಚ್ಚಿದ ಬಾಗಿಲು ಹಾಗೆಯೇ ನಿಂತಿತು. ಈ ಸಲ ಅವರು ಬೀಜದ ಹೆಸರೆತ್ತಲಿಲ್ಲ. ದೀಪ ತಪ್ಪು ಹೇಳಿತು, ದೀಪಕ್ಕೆ ಹಾಗೆ ಹೇಳಿಕೊಟ್ಟವನು ನಾನು, ವಿಚಾರಣೆಯಲ್ಲಿ ಕೂತು ಸೂರನ ಮೇಲೆ ಹೊರಿಸಿದವನೂ ನಾನು ಎಂದರು. ಮೂರು ಮಾತು. ಅದಕ್ಕಿಂತ ಹೆಚ್ಚು ಇರಲಿಲ್ಲ.

ಗುಲಾಬಿ ಅವರನ್ನು ನೋಡಿದಳು. ಬೈಗುಳಕ್ಕೆ ಐತಾಳರು ಸಿದ್ಧವಾಗಿದ್ದರು; ಕಲ್ಲು ಹೊಡೆದಿದ್ದರೂ ನಿಲ್ಲುತ್ತಿದ್ದರು. ಅವರ ಹೆಗಲ ಮೇಲಿಂದ ಬೇಲಿಯ ಕಡೆಗೆ ನೋಡಿದಳು. ಬಾಗಿಲನ್ನು ಪೂರ್ತಿ ತೆರೆದಳು.

"ಭಾವಾ," ಎಂದಳು. ಮೂರು ವರ್ಷ ಆಡದ ಮಾತು ಬೇಲಿಯವರೆಗೆ ಮುಟ್ಟದೆ ಎರಡನೆಯ ಸಲ ಹೇಳಬೇಕಾಯಿತು. "ಭಾವಾ, ಒಳಗ್ ಬನ್ನಿ."

ಸೂರ ಬೇಲಿ ದಾಟಿ ಬಂದ. ಕಾಲು ತೊಳೆಯಲೂ ನೆನಪಾಗದೆ, ಐತಾಳರ ಪಕ್ಕದಿಂದಲೇ ಹಾದು ಒಳಗೆ ಹೋದ. ಒಳಗಿನಿಂದ ಮೊದಲು ಅವಳ ಅಳು ಕೇಳಿತು, ಆಮೇಲೆ ಅವನದು.

ಐತಾಳರು ಅಂಗಳದಲ್ಲಿ ನಿಂತಿದ್ದರು. ಆ ಹೊತ್ತಿನಲ್ಲಿ ಅವರಿಗೆ ಸೂರನ ಮೇಲೂ ಹೊಟ್ಟೆಕಿಚ್ಚಾಯಿತು. ಸ್ವಲ್ಪ ಹೊತ್ತು ಕಾದರು. ಅವರನ್ನು ಯಾರೂ ಒಳಗೆ ಕರೆಯಲಿಲ್ಲ.